ಸಿನಿಮಾ ಲೋಕದ ಪಾರ್ಕ್, ಸ್ವಂತ ಕಥೆಯ ಪಾರ್ಕ್: ಅಕ್ಕನೊಡನೆ ಎರಡನ್ನೂ ನೋಡಿದ ಮೇಲೆ

ಮತ್ತೊಮ್ಮೆ ಹಣ ಕೂಡಿಟ್ಟು ಥೀಮ್ ಪಾರ್ಕ್‌ಗೆ ಹೋಗುವುದಾದರೆ ನೆದರ್ಲೆಂಡ್ಸ್‌ನ ಎಫ್ಟೆಲಿಂಗ್‌ಗೇ ಹೋಗುತ್ತೇನೆ. 1952ರಲ್ಲಿ ಕಲಾವಿದ ಆಂಟನ್ ಪೀಕ್ ಅವರ ಕಲ್ಪನೆಯ ಕಾಲ್ಪನಿಕ ಕಥೆಗಳ ಕಾಡಿನಿಂದ ಆರಂಭವಾದ ಆ ಉದ್ಯಾನ ಇಂದಿಗೂ ಮುಖ್ಯವಾಗಿ ಜನಪದ ಕಥೆಗಳನ್ನೂ ತನ್ನದೇ ಕಥೆಗಳನ್ನೂ ನೆಚ್ಚಿಕೊಂಡಿದೆ. ನಾನು ಅದರೊಡನೆ ಹೋಲಿಸುತ್ತಿರುವುದು ಸಿನಿಮಾ ಸರಣಿಗಳ ಹಕ್ಕು ಪಡೆದು ಕಟ್ಟಿದ ಇನ್ನೊಂದು ದೊಡ್ಡ ಪಾರ್ಕನ್ನು.

ತೆರೆಯ ಮೇಲೆ ಕಂಡ ಬೀದಿಯಲ್ಲಿ ನಡೆದಾಡುವ ಸುಖ ನಿಜವಾದದ್ದು. ಅಮೆರಿಕದ ಒರ್ಲ್ಯಾಂಡೋದ ಯೂನಿವರ್ಸಲ್ ಪಾರ್ಕ್ 2010ರಲ್ಲಿ ಹ್ಯಾರಿ ಪಾಟರ್ ಲೋಕವನ್ನು ತೆರೆದದ್ದು ಆ ಸುಖವನ್ನು ನಂಬಿಯೇ.

ಆದರೆ ನಾವು ಹೋದ ಪಾರ್ಕಿನ ಸಿನಿಮಾಗಳಲ್ಲಿ ನನ್ನ ಅಕ್ಕ ಒಂದನ್ನೂ ನೋಡಿರಲಿಲ್ಲ. ಅಲ್ಲಿ ಸರದಿಯಲ್ಲಿ ನಿಂತಾಗಲೇ ಪರದೆಗಳ ಮೇಲೆ ಪರಿಚಯವಿಲ್ಲದೆ ಪಾತ್ರಗಳು ಮಾತನಾಡತೊಡಗಿದವು. ರೈಡ್ ಹೊರಟೊಡನೆ ಯಾವುದೋ ಬೆನ್ನಟ್ಟುವಿಕೆಯ ನಡುವೆ ಬಿದ್ದೆವು. ಒಂದು ಮುಖ ಕಂಡಾಗ ಸುತ್ತಲಿನವರೆಲ್ಲ ಹರ್ಷದಿಂದ ಕೂಗಿದರೆ, ಅಕ್ಕ ನನ್ನತ್ತ ಬಾಗಿ "ಯಾರದು?" ಎಂದು ಕೇಳಿದಳು, ನಾನು ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ದೃಶ್ಯವೂ ಕಳೆದುಹೋಗಿತ್ತು. ದಿನವಿಡೀ ಹೀಗೆಯೇ ನಡೆಯಿತು. ಅವಳೂ ನನ್ನಷ್ಟೇ ಹಣ ಕೊಟ್ಟು ಬಂದಿದ್ದಳು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಎಫ್ಟೆಲಿಂಗ್‌ನಲ್ಲಿ ವಿಲ್ಲಾ ವೋಲ್ಟಾ ಎಂಬ ಮನೆಯಂಥ ರೈಡ್‌ನಲ್ಲಿ ಪೀಠಿಕೆಯ ಮಾತು ಡಚ್ ಭಾಷೆಯಲ್ಲಿತ್ತು, ನಮಗಿಬ್ಬರಿಗೂ ಒಂದು ಪದವೂ ತಿಳಿಯಲಿಲ್ಲ. ಆದರೂ ಶಾಪಗ್ರಸ್ತ ದರೋಡೆಕೋರ ಹ್ಯೂಗೋನ ದನಿಯಲ್ಲಿದ್ದ ಸಂಕಟ ಮುಟ್ಟಿತು. ಬಳಿಕ ನಾವು ಕುಳಿತ ಬೆಂಚುಗಳು ಅಲ್ಪವೇ ತೂಗಾಡುತ್ತಿರುವಾಗ ಇಡೀ ಕೋಣೆ ಸುತ್ತಲೂ ಉರುಳಿ, ನಾವೇ ತಲೆಕೆಳಗಾದೆವೆಂದು ದೇಹ ನಂಬಿಬಿಡುತ್ತದೆ. ಈ ಮನೆಗೆ ನೆಮ್ಮದಿಯಿಲ್ಲವೆಂಬುದು ಅಕ್ಕನಿಗೆ ನಾನು ಹೇಳದೆಯೇ ಅರ್ಥವಾಯಿತು. ನೋಡುಗರು ಏನನ್ನೂ ತಿಳಿದು ಬಂದಿರುವುದಿಲ್ಲವೆಂದು ಭಾವಿಸಿ ಕಟ್ಟಿದ್ದರಿಂದ ಗೋಡೆ, ಬೆಳಕು, ಸಂಗೀತಗಳೇ ಕಥೆ ಹೇಳಬೇಕಾಗಿ ಬಂದಿದೆ.

ಅಂಗಡಿಗಳ ಮಟ್ಟಿಗೆ ಸಿನಿಮಾ ಪಾರ್ಕೇ ಮೇಲು.

ಸ್ವಂತ ಕಥೆಗೆ ಜನ ಬರುವುದಿಲ್ಲವೆಂಬ ವಾದವನ್ನು ನಾನು ಒಪ್ಪಲಾರೆ. ಡಿಸ್ನಿಲ್ಯಾಂಡ್‌ನಲ್ಲಿ ಕಡಲ್ಗಳ್ಳರ ರೈಡ್ ಬಂದದ್ದು 1967ರಲ್ಲಿ. ಅದರಿಂದ ಹುಟ್ಟಿದ ಸಿನಿಮಾ ಬಂದದ್ದು 2003ರಲ್ಲಿ. ಹಾಗಿದ್ದೂ ಡಿಸ್ನಿಯದೇ ಇನ್ನೊಂದು ಪಾರ್ಕ್ ಆದ ಎಪ್ಕಾಟ್‌ನಲ್ಲಿ ನಾರ್ವೆಯ ಕಡಲಯಾನದ ಸ್ವಂತ ಕಥೆಯ ರೈಡ್ 2014ರಲ್ಲಿ ಮುಚ್ಚಿ, ಎರಡು ವರ್ಷಗಳ ನಂತರ ಅಲ್ಲಿ ಫ್ರೋಜನ್ ಸಿನಿಮಾದ ರೈಡ್ ಬಂದಿತು.

ಮನೆಮಂದಿಯೆಲ್ಲ ಆ ಸಿನಿಮಾಗಳನ್ನು ಬಾಯಿಪಾಠ ಮಾಡಿಕೊಂಡಿದ್ದರೆ ಸಿನಿಮಾ ಪಾರ್ಕಿಗೇ ಹೋಗಬಹುದು. ನಾನು ಸಿನಿಮಾ ನೋಡುವುದು ಕಡಿಮೆ, ಇಂಥ ಪ್ರವಾಸಕ್ಕೆ ಹಣ ಹೊಂದಿಕೆಯಾಗುವುದು ಹಲವು ವರ್ಷಗಳಿಗೊಮ್ಮೆ, ಹೋಗುವುದು ಅಕ್ಕನೊಡನೆ. ಎಫ್ಟೆಲಿಂಗ್‌ನ ಯಕ್ಷಿಣಿಯರ ಕಾಡಿನ ರೈಡ್‌ನಲ್ಲಿ ಎರಡನೆಯ ಬಾರಿ ಕುಳಿತಾಗ ಅವಳು ನನ್ನನ್ನು ಏನೂ ಕೇಳಲಿಲ್ಲ.