ಹಳೆಯ ಟವರ್ ಸ್ಪೀಕರ್ ತಗೊಳ್ಳುವ ಮೊದಲು ವೂಫರ್‌ನ ಅಂಚು ಮುಟ್ಟಿ ನೋಡಿ

ಮಂಗಳೂರು, ಉಡುಪಿ ಕಡೆಯವರು ಯಾರಾದರೂ ಸೆಕೆಂಡ್ ಹ್ಯಾಂಡ್ ದುಬಾರಿ ಟವರ್ ಸ್ಪೀಕರ್ (ನೆಲದ ಮೇಲೆ ನಿಲ್ಲುವ ಎತ್ತರದ ಸ್ಪೀಕರ್) ತಗೊಳ್ಳುವ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು 2,10,000 ರೂಪಾಯಿ ಕೊಟ್ಟು ತಂದ ಜೋಡಿ ಒಂದು ಮಳೆಗಾಲ ಕಳೆಯಲಿಲ್ಲ. ಮೋಸ ಹೋದ ಸಿಟ್ಟು ಇನ್ನೂ ಇದೆ, ಮುಚ್ಚಿಡುವುದಿಲ್ಲ. ಇಷ್ಟು ದಿನ ಸುಮ್ನೆ ಇದ್ದೆ. ಮೊನ್ನೆ ಮಣಿಪಾಲದ ಗೆಳೆಯರೊಬ್ಬರು ಫೋನ್ ಮಾಡಿ, "ಹೀಗೊಂದು ಜೋಡಿ ಸಿಗ್ತಾ ಉಂಟು, ಇಟ್ಟುಕೊಂಡವರೆಲ್ಲ ತುಂಬ ಹೊಗಳಿದ್ದಾರೆ, ತಗೊಳ್ಳಲಾ?" ಅಂತ ಕೇಳಿದರು. ನಾನೂ ಇದೇ ಮಾತು ನಂಬಿ ಹೋಗಿ ಸಿಕ್ಕಿಬಿದ್ದವನು. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆ ಸುರತ್ಕಲ್ ಹತ್ತಿರ. ಕಡಲಿಗೆ ಒಂದು ಕಿಲೋಮೀಟರ್ ಕೂಡ ಇಲ್ಲ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಕಾವಿ ನೆಲ. ಚಾವಡಿ 12 ಅಡಿ ಅಗಲ, 14 ಅಡಿ ಉದ್ದ. ಕದ್ರಿ ಗೋಪಾಲನಾಥರ ಕಛೇರಿಯನ್ನು ಎದುರಿಗೇ ಕೂತು ಕೇಳಿದವನು ನಾನು. 2019ರಲ್ಲಿ ಅವರು ಹೋದ ಮೇಲೆ ನಮಗೆ ಉಳಿದದ್ದು ರೆಕಾರ್ಡಿಂಗ್ ಮಾತ್ರ ಅಲ್ವಾ. ಆ ಸ್ಯಾಕ್ಸೋಫೋನ್ ಮನೆಯಲ್ಲೂ ಆಳೆತ್ತರದಲ್ಲಿ ನಿಂತು ಕೇಳಬೇಕು ಅನ್ನುವ ಆಸೆ ಎಷ್ಟೋ ವರ್ಷದ್ದು. ಶೆಲ್ಫ್ ಮೇಲೆ ಇಟ್ಟಿದ್ದ ಸಣ್ಣ ಸ್ಪೀಕರ್‌ಗಳಲ್ಲಿ ಅದು ಬರುತ್ತಿರಲಿಲ್ಲ.

ಹೊಸದಕ್ಕೆ ಆರು ಲಕ್ಷದ ಮೇಲೆ ಇತ್ತು. ಅಷ್ಟು ಕೈಲಾಗದು. ಹಳೆಯದು ಹುಡುಕುತ್ತಾ ಆರು ತಿಂಗಳು ಇಟ್ಟುಕೊಂಡವರ ಮಾತು ಓದಿದೆ, ಕೆಲವರನ್ನು ಫೋನಿನಲ್ಲೂ ಕೇಳಿದೆ. ಒಬ್ಬರು "ಗಾಯಕರು ಎದುರಿಗೆ ಕೂತ ಹಾಗೆ" ಅಂದರು. ಇನ್ನೊಬ್ಬರು "ಬೇಸ್‌ಗೆ ನೆಲ ನಡುಗುತ್ತದೆ" ಅಂದರು. ಮತ್ತೊಬ್ಬರು ಹದಿನೈದು ವರ್ಷದಿಂದ ಒಂದು ಸ್ಕ್ರೂ ಕೂಡ ಬಿಚ್ಚಿಲ್ಲ ಅಂದರು. ಅವರು ಯಾರೂ ಸುಳ್ಳು ಹೇಳಲಿಲ್ಲ, ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಅವರವರ ಮನೆಯಲ್ಲಿ, ಅವರವರ ಆಂಪ್ಲಿಫೈಯರ್ ಜೊತೆ ಅದು ಸತ್ಯವೇ. ನಾನು ಮಾತ್ರ ಒಬ್ಬರ ಹತ್ತಿರವೂ "ನಿಮ್ಮ ಊರು ಯಾವುದು, ರೂಮ್ ಎಷ್ಟು ದೊಡ್ಡದು, ಆಂಪ್ ಯಾವುದು" ಅಂತ ಕೇಳಲಿಲ್ಲ. ಆಮೇಲೆ ಕೇಳಿದಾಗ ಗೊತ್ತಾಯಿತು, ಅವರಲ್ಲಿ ಒಬ್ಬರೂ ಕರಾವಳಿಯವರಲ್ಲ.

ಜೋಡಿ ಸಿಕ್ಕಿದ್ದು ಉಡುಪಿ ಕಡೆ, ಗಲ್ಫ್‌ನಿಂದ ವಾಪಸ್ ಬಂದವರ ಮನೆಯಲ್ಲಿ. ಅವರ ಹೆಸರಾಗಲಿ ಕಂಪನಿಯ ಹೆಸರಾಗಲಿ ಬರೆಯುವುದಿಲ್ಲ. ತ್ರೀ ವೇ ಸ್ಪೀಕರ್, ಅಂದರೆ ಕೆಳದನಿ, ನಡುದನಿ, ಮೇಲ್ದನಿಗೆ ಬೇರೆ ಬೇರೆ ಘಟಕ. ಒಂದೊಂದಕ್ಕೂ ಎರಡೆರಡು 8 ಇಂಚಿನ ವೂಫರ್, ಅಂದರೆ ಬೇಸ್ ಕೊಡುವ ದೊಡ್ಡ ಘಟಕ. ಮರದ ಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. "ನೋಡಿ ಮಾರಾಯ್ರೇ, ಹತ್ತು ವರ್ಷ ಎಸಿ ರೂಮಿನಲ್ಲೇ ಇದ್ದದ್ದು" ಅಂದರು. ಅದು ನಿಜ. ಊರಿಗೆ ಬಂದ ಮೇಲೆ ಎರಡು ಮಳೆಗಾಲ ಹಿಂದಿನ ಕೋಣೆಯಲ್ಲಿ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದರು. ಅದನ್ನು ಹೇಳಲಿಲ್ಲ. ಸಣ್ಣ ದನಿಯಲ್ಲಿ ಎರಡು ಹಾಡು ಕೇಳಿಸಿದರು. ಚೆನ್ನಾಗೇ ಇತ್ತು. ಸ್ವಲ್ಪ ಜೋರು ಮಾಡಿ ಅಂದೆ. ಒಳಗೆ ಅಮ್ಮ ಮಲಗಿದ್ದಾರೆ ಅಂದರು. ನಾನು ಮತ್ತೆ ಒತ್ತಾಯ ಮಾಡಲಿಲ್ಲ. ಅದು ಮಾರ್ಚ್ ತಿಂಗಳು.

ಜೂನ್‌ನಲ್ಲಿ ಮಳೆ ಹಿಡಿಯಿತು. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಚಪ್ಪಲಿಗೆ ಬೂಷ್ಟು, ಬೀರುವಿನ ಬಟ್ಟೆಗೆ ಬೂಷ್ಟು. ಜುಲೈನಲ್ಲಿ ಮೃದಂಗ ಬಂದಾಗಲೆಲ್ಲ ಎಡಗಡೆಯ ಸ್ಪೀಕರ್‌ನಿಂದ ಕರಕರ ಅನ್ನುವ ಸದ್ದು ಶುರುವಾಯಿತು. ಮೊದಲು ವೈರ್ ಸಡಿಲ ಅಂದುಕೊಂಡೆ. ವೈರ್ ಬದಲಾಯಿಸಿದೆ. ಸದ್ದು ಹೋಗಲಿಲ್ಲ. ಕೊನೆಗೆ ರಿಪೇರಿಯವರನ್ನು ಮನೆಗೆ ಕರೆಸಿದೆ. ಅವರು ಮುಂದಿನ ಬಟ್ಟೆಯ ಚೌಕಟ್ಟು ತೆಗೆದರು, ಟಾರ್ಚ್ ಹಿಡಿದರು, ವೂಫರ್‌ನ ಅಂಚನ್ನು ಒಂದು ಬೆರಳಿನಿಂದ ಮುಟ್ಟಿದರು. ಬೆರಳು ಒಳಗೆ ಹೋಯಿತು. ಅಂಚು ಹಳೆಯ ಬೆಲ್ಲದ ಹಾಗೆ ಅಂಟಂಟಾಗಿ ಪುಡಿಯಾಗಿ ಕೆಳಗೆ ಬಿತ್ತು. ಆ ಕ್ಷಣ ನನಗೆ ಮಾತೇ ಹೊರಡಲಿಲ್ಲ.

ವಿಷಯ ಇಷ್ಟು. ವೂಫರ್‌ನ ಕೋನ್ (ದನಿ ಹುಟ್ಟಿಸುವ ಶಂಕುವಿನ ಆಕಾರದ ಭಾಗ) ಹಿಂದೆ ಮುಂದೆ ಆಡಬೇಕಾದರೆ ಅದರ ಸುತ್ತ ಮೆತ್ತಗಿನ ಒಂದು ಬಳೆ ಬೇಕು. ಕೆಲವು ಕಂಪನಿಗಳು ಅದನ್ನು ರಬ್ಬರ್‌ನಿಂದ ಮಾಡುತ್ತವೆ, ಕೆಲವು ಫೋಮ್‌ನಿಂದ. 1970ರಿಂದ 1990ರ ದಶಕದವರೆಗಿನ ಎಷ್ಟೋ ಒಳ್ಳೊಳ್ಳೆ ಸ್ಪೀಕರ್‌ಗಳಲ್ಲಿ ಇರುವುದು ಫೋಮ್. ಆಮೇಲಿನ ಕೆಲವದರಲ್ಲೂ ಉಂಟು. ಈ ಪಾಲಿಯುರಥೇನ್ ಫೋಮ್‌ಗೆ ತೇವವೇ ಶತ್ರು. ಗಾಳಿಯಲ್ಲಿರುವ ನೀರಿನ ಅಂಶ ಅದರ ಹೆಣಿಗೆಯನ್ನು ಒಳಗಿನಿಂದಲೇ ಬಿಡಿಸುತ್ತಾ ಹೋಗುತ್ತದೆ. ಸ್ಪೀಕರ್ ಹಚ್ಚಿದರೂ ಅಷ್ಟೇ, ಸುಮ್ನೆ ಇಟ್ಟರೂ ಅಷ್ಟೇ. ಒಣ ಹವೆಯಲ್ಲಿ ಹದಿನೈದು ವರ್ಷ ಬಾಳಿದ ಫೋಮ್ ನಮ್ಮ ಹವೆಯಲ್ಲಿ ಅಷ್ಟು ತಡೆಯುವುದಿಲ್ಲ. ಬಳೆ ಹರಿದರೆ ಕೋನ್ ನೆಟ್ಟಗೆ ನಿಲ್ಲುವುದಿಲ್ಲ. ಅದರ ಹಿಂದಿನ ತಾಮ್ರದ ಕಾಯಿಲ್ ಅಯಸ್ಕಾಂತದ ಸಂದಿಯಲ್ಲಿ ಉಜ್ಜುತ್ತದೆ. ಆ ಸಂದಿ ಕೂದಲೆಳೆಯಷ್ಟು. ನನಗೆ ಕೇಳಿದ ಕರಕರ ಅದೇ.

ನನ್ನ ಜೋಡಿಯ ಅಂಚಿಗೆ ಯಾರೋ ಕಪ್ಪಗೆ ಏನೋ ಬಳಿದಿದ್ದರು. ಹಾಗಾಗಿ ನೋಡಲು ಹೊಸ ರಬ್ಬರ್ ಥರ ಹೊಳೆಯುತ್ತಿತ್ತು. ನಾಲ್ಕು ವೂಫರ್‌ಗಳಲ್ಲಿ ಒಂದು ಮೂಲದ್ದೇ ಅಲ್ಲ ಅನ್ನುವುದೂ ಬಿಚ್ಚಿದಾಗ ಗೊತ್ತಾಯಿತು. ಅದರ ಹಿಂದಿನ ಅಯಸ್ಕಾಂತ ಚಿಕ್ಕದು, ನಂಬರ್ ಬೇರೆ. ಇದು ಮರೆತು ಆಗುವ ತಪ್ಪಲ್ಲ. ಮಾರಿದವರಿಗೆ ಫೋನ್ ಮಾಡಿದೆ. "ನೀವು ಕೇಳಿಯೇ ಒಪ್ಪಿಕೊಂಡದ್ದಲ್ವಾ?" ಅಂದರು. ಎರಡನೇ ಸಲ ಫೋನ್ ಎತ್ತಲಿಲ್ಲ. ನನ್ನ ಹತ್ತಿರ ಬರಹದಲ್ಲಿ ಏನೂ ಇರಲಿಲ್ಲ.

ಆಗಸ್ಟ್‌ನಲ್ಲಿ ಎರಡನೇ ಪೆಟ್ಟು. ಬಲಗಡೆಯ ಟ್ವೀಟರ್, ಅಂದರೆ ಮೇಲ್ದನಿ ಕೊಡುವ ಸಣ್ಣ ಘಟಕ, ಸುಟ್ಟುಹೋಯಿತು. ಇದರಲ್ಲಿ ಮಾರಿದವರ ತಪ್ಪಿಲ್ಲ. ನಾನು ಲೆಕ್ಕ ಹಾಕದೆ ತಂದದ್ದು.

ಸ್ವಲ್ಪ ತಾಳ್ಮೆಯಿಂದ ಓದಿ, ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ, ಇಲ್ಲಿ ಡೆಸಿಬೆಲ್ ಅಂದರೆ ಕೊಟ್ಟ ಕರೆಂಟಿಗೆ ಅದು ಎಷ್ಟು ಜೋರು ಕೇಳುತ್ತದೆ ಅನ್ನುವ ಅಳತೆ. ನನ್ನ ಆಂಪ್ 8 ಓಮ್‌ಗೆ 50 ವ್ಯಾಟ್‌ನದ್ದು. ಹಳೆಯ ಸಣ್ಣ ಸ್ಪೀಕರ್ 8 ಓಮ್, 89 ಡೆಸಿಬೆಲ್. ಹೊಸದಾಗಿ ತಂದದ್ದು 4 ಓಮ್, 86 ಡೆಸಿಬೆಲ್. ಮೂರೇ ತಾನೇ ಕಡಿಮೆ ಅಂದುಕೊಂಡೆ. ಆದರೆ ಆ 86 ಅನ್ನುವುದು 2.83 ವೋಲ್ಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದದ್ದು. 8 ಓಮ್ ಸ್ಪೀಕರ್‌ಗೆ 2.83 ವೋಲ್ಟ್ ಅಂದರೆ 1 ವ್ಯಾಟ್, 4 ಓಮ್‌ಗೆ ಅದೇ 2 ವ್ಯಾಟ್. ಅಂದರೆ ವ್ಯಾಟ್ ಲೆಕ್ಕದಲ್ಲಿ ಅದು 83 ಮಾತ್ರ. ಪ್ರತಿ 3 ಡೆಸಿಬೆಲ್‌ಗೆ ಪವರ್ ಇಮ್ಮಡಿ ಬೇಕು. 6 ಡೆಸಿಬೆಲ್‌ಗೆ ನಾಲ್ಕು ಪಟ್ಟು. ಮೊದಲು 10 ವ್ಯಾಟ್‌ನಲ್ಲಿ ಕೇಳುತ್ತಿದ್ದ ಜೋರಿಗೆ ಈಗ 40 ವ್ಯಾಟ್ ಬೇಕಾಯಿತು. ಮೇಲಿಂದ ಮಾಡಿಗೆ ಮಳೆ ಹೊಡೆಯುವ ಸದ್ದು. ನಾನು ವಾಲ್ಯೂಮ್ ಏರಿಸುತ್ತಾ ಹೋದೆ. ಆಂಪ್ ತನ್ನ ಮಿತಿ ಮೀರಿದಾಗ ಅಲೆಯ ತಲೆ ಕತ್ತರಿಸಿದ ಹಾಗೆ ಚಪ್ಪಟೆ ಆಗುತ್ತದೆ. ಅದರಿಂದ ಹುಟ್ಟುವ ಮೇಲಿನ ಕಂಪನಗಳಲ್ಲಿ ಬಹಳಷ್ಟು ಟ್ವೀಟರ್‌ಗೆ ಹೋಗುತ್ತವೆ. ತೆಳ್ಳಗಿನ ಕಾಯಿಲ್ ಎಷ್ಟು ಅಂತ ತಡೆಯುತ್ತದೆ ಹೇಳಿ. ದೊಡ್ಡ ಆಂಪ್‌ನಿಂದ ಮಾತ್ರ ಸ್ಪೀಕರ್ ಸುಡುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. ಸಣ್ಣ ಆಂಪ್ ಅನ್ನು ಹಿಂಡಿದರೂ ಸುಡುತ್ತದೆ.

ಇದು ಗೊತ್ತಾದ ಮೇಲೆ ಇಟ್ಟುಕೊಂಡವರ ಮಾತು ನನಗೆ ಬೇರೆ ಥರ ಅರ್ಥವಾಗತೊಡಗಿತು. ಕ್ಲಿಪ್ಶ್ ಇಟ್ಟುಕೊಂಡವರು ಹತ್ತು ವ್ಯಾಟ್ ಸಾಕು ಅಂದರೆ ಅದಕ್ಕೆ ಕಾರಣ ಉಂಟು. 1946ರಲ್ಲಿ ಶುರುವಾದ ಆ ಕಂಪನಿ ಹಾರ್ನ್ ಸ್ಪೀಕರ್‌ಗೆ ಹೆಸರಾದದ್ದು. ಕಹಳೆ ಹೇಗೆ ಬಾಯಿಯ ದನಿಯನ್ನು ದೂರ ಒಯ್ಯುತ್ತದೋ ಹಾಗೆ ಹಾರ್ನ್ ಕಡಿಮೆ ಪವರ್‌ಗೆ ಜಾಸ್ತಿ ದನಿ ಕೊಡುತ್ತದೆ. ಬೌವರ್ಸ್ ಆಂಡ್ ವಿಲ್ಕಿನ್ಸ್ ಅನ್ನುವ ಇನ್ನೊಂದು ಕಂಪನಿಯ 800 ಸಾಲಿನ ಸ್ಪೀಕರ್ ಇಟ್ಟುಕೊಂಡವರು ದೊಡ್ಡ ಆಂಪ್ ಇಲ್ಲದೆ ಮುಟ್ಟಬೇಡಿ ಅನ್ನುವುದಕ್ಕೂ ಕಾರಣ ಉಂಟು. ಅದರ 802 ಡಿ3 ಮಾದರಿಗೆ 8 ಓಮ್ ಅಂತ ಇದ್ದರೂ ಕನಿಷ್ಠ 3 ಓಮ್ ಅಂತ ಕಂಪನಿಯೇ ಪಕ್ಕದಲ್ಲಿ ಹಾಕಿದೆ. ಓಮ್ ಇಳಿದಷ್ಟೂ ಆಂಪ್ ಜಾಸ್ತಿ ಕರೆಂಟ್ ಕೊಡಬೇಕು. ಒಬ್ಬರ ಹೊಗಳಿಕೆಯನ್ನು ಇನ್ನೊಂದು ಸ್ಪೀಕರ್‌ಗೆ ಅಂಟಿಸಿಕೊಳ್ಳಲು ಬರುವುದಿಲ್ಲ.

ರೂಮಿನದ್ದೂ ಒಂದು ಮಾತು. ನೆಲ ನಡುಗುವ ಬೇಸ್ ಅಂದಿದ್ದರಲ್ಲ, ಅವರ ಹಾಲ್ ನನ್ನ ಚಾವಡಿಯ ಮೂರು ಪಾಲು. ಕೆಳಗೆ ದಪ್ಪ ಕಾರ್ಪೆಟ್. 14 ಅಡಿ ಉದ್ದದ ರೂಮಿನಲ್ಲಿ ಸುಮಾರು 40 ಹರ್ಟ್ಜ್‌ನ (ಸೆಕೆಂಡಿಗೆ 40 ಕಂಪನದ) ದನಿ ಎರಡು ಗೋಡೆಗಳ ನಡುವೆ ನಿಂತುಬಿಡುತ್ತದೆ. ಬೇಸ್ ಗಿಟಾರ್‌ನ ಅತಿ ಕೆಳಗಿನ ತಂತಿ 41 ಹರ್ಟ್ಜ್. ಆ ಒಂದು ಸ್ವರ ಬಂದಾಗ ಚಾವಡಿ ಇಡೀ ಗುಂಯ್ ಅನ್ನುತ್ತದೆ, ಪಕ್ಕದ ಸ್ವರ ಕೇಳುವುದೇ ಇಲ್ಲ. ಹಿಂದಿನ ಗೋಡೆಯಿಂದ ಎರಡೂವರೆ ಅಡಿ ಮುಂದೆ ತಂದ ಮೇಲೆ ಸ್ವಲ್ಪ ಹತೋಟಿಗೆ ಬಂತು. ಆದರೆ ಆಗ ಓಡಾಡಲು ಜಾಗ ಇಲ್ಲ.

ನಾಲ್ಕು ವೂಫರ್‌ಗೆ ಹೊಸ ಬಳೆ ಹಾಕಿಸಲು 14,000 ಆಯಿತು. ಟ್ವೀಟರ್ ಆ ಕಂಪನಿಯವರು ಮಾಡುವುದನ್ನೇ ನಿಲ್ಲಿಸಿದ್ದಾರೆ. ಹೊರದೇಶದಿಂದ ಹಳೆಯದೊಂದು ತರಿಸಲು 31,000. ಬೇರೆ ಅಯಸ್ಕಾಂತದ ಆ ಒಂದು ವೂಫರ್ ಇವತ್ತಿಗೂ ಹಾಗೇ ಇದೆ.

ಹಾಗಾಗಿ ನೋಡಲು ಹೋಗುವಾಗ ಒಂದು ಟಾರ್ಚ್, ಒಂದು ಸಣ್ಣ ಮಲ್ಟಿಮೀಟರ್ ಹಿಡಿದುಕೊಂಡು ಹೋಗಿ. ಹಗಲಿಗೇ ಹೋಗಿ. ಮುಂದಿನ ಬಟ್ಟೆ ತೆಗೆಸಿ, ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ರಬ್ಬರ್ ಆದರೆ ಬಾಗಿ ವಾಪಸ್ ಬರುತ್ತದೆ. ಫೋಮ್ ಆದರೆ ಯಾವಾಗ ಬದಲಾಯಿಸಿದ್ದು, ಯಾರು ಮಾಡಿದ್ದು ಅಂತ ಕೇಳಿ. ಅಂಟು, ಪುಡಿ, ಬಿರುಕು ಯಾವುದು ಕಂಡರೂ ಬಳೆಯ ಖರ್ಚನ್ನು ಬೆಲೆಯಿಂದ ಕಳೆಯಲು ಹೇಳಿ. ಏನಾದರೂ ಬಳಿದದ್ದು ಕಂಡರೆ ಎದ್ದು ಬನ್ನಿ. ಆಮೇಲೆ ಎರಡೂ ಕೈಯ ಬೆರಳುಗಳಿಂದ ಕೋನ್ ಅನ್ನು ಸಮನಾಗಿ ಸ್ವಲ್ಪವೇ ಒಳಗೆ ಒತ್ತಿ, ಕಿವಿ ಹತ್ತಿರ ಇಡಿ. ಉಜ್ಜುವ ಸದ್ದು ಬರಬಾರದು. ಅವರು ಒಪ್ಪಿದರೆ ಒಂದೊಂದೇ ವೂಫರ್ ಬಿಚ್ಚಿಸಿ ಹಿಂದಿನ ನಂಬರ್ ಹೋಲಿಸಿ ನೋಡಿ. ಬಿಚ್ಚಿದಾಗಲೇ ಮೀಟರ್ ಹಚ್ಚಿ. 8 ಓಮ್‌ನ ವೂಫರ್ ಸುಮಾರು 6 ತೋರಿಸುತ್ತದೆ, ಅದು ಸರಿಯೇ. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ. ಹಿಂದೆ ವೈರ್ ಸಿಕ್ಕಿಸುವ ಜಾಗದಲ್ಲಿ ಹಸಿರು ಕಿಲುಬು ಉಂಟಾ, ಬುಡದ ಹಲಗೆ ನೀರು ಕುಡಿದು ಉಬ್ಬಿದೆಯಾ ನೋಡಿ. ಒಳಗಿರುವುದು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆದರೆ ಒಮ್ಮೆ ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ನೆಲ ಒರೆಸುವ ಒದ್ದೆ ಬಟ್ಟೆ ದಿನಾ ತಾಗಿದರೂ ಸಾಕು.

ಜೋರಾಗಿ ಕೇಳದೆ ದುಡ್ಡು ಕೊಡಬೇಡಿ. ಚೆಂಡೆ ಇರುವ ರೆಕಾರ್ಡಿಂಗ್ ಒಂದು, ಮೃದಂಗದ್ದು ಒಂದು ಫೋನಿನಲ್ಲಿ ಹಾಕಿಕೊಂಡು ಹೋಗಿ. ಮನೆಯಲ್ಲಿ ಯಾರಾದರೂ ಮಲಗಿದ್ದಾರೆ ಅಂದರೆ ಅವರು ಎದ್ದ ಮೇಲೆ ಬರ್ತೇನೆ ಅನ್ನಿ. ಮಾತು ಮುಗಿದ ಮೇಲೆ ಸೀರಿಯಲ್ ನಂಬರ್, ಏನು ಬದಲಾಯಿಸಿದ್ದಾರೆ, ಏನು ಬದಲಾಯಿಸಿಲ್ಲ ಅಂತ ಒಂದು ಕಾಗದದಲ್ಲಿ ಬರೆಸಿ ಸಹಿ ಹಾಕಿಸಿ. ಸಂಕೋಚ ಬೇಡ. ನಾನು ಸಂಕೋಚ ಮಾಡಿಕೊಂಡದ್ದಕ್ಕೆ ಹೋದದ್ದು ಎರಡು ವರ್ಷದ ಉಳಿತಾಯ.

ಮಣಿಪಾಲದ ಗೆಳೆಯರಿಗೆ ಇದನ್ನೆಲ್ಲ ಫೋನಿನಲ್ಲೇ ಹೇಳಿದ್ದೆ. ಅವರು ಟಾರ್ಚ್ ಹಿಡಿದುಕೊಂಡು ಹೋಗಿ ಅಂಚು ಒತ್ತಿ ನೋಡಿದರಂತೆ. ಬೆರಳಿಗೆ ಕಪ್ಪು ಅಂಟಿತು ಅಂತ ನಿನ್ನೆ ರಾತ್ರಿ ಹೇಳಿದರು. ಮುಂಗಡ ಕೊಡದೆ ವಾಪಸ್ ಬಂದಿದ್ದಾರೆ. ಆ ಜೋಡಿ ಇನ್ನೂ ಮಾರಾಟಕ್ಕೆ ಉಂಟು.