ಮಕ್ಕಳ ಮೆನಿಂಜೈಟಿಸ್‌ಗೆ ಕಲ್ಚರ್, ಪಿಸಿಆರ್ ಪ್ಯಾನೆಲ್, ಸೀಕ್ವೆನ್ಸಿಂಗ್: ಮೂರನ್ನೂ ಓಡಿಸಿ ನೋಡಿದ್ಮೇಲೆ

ಮೆನಿಂಜೈಟಿಸ್ ಅಂದ್ರೆ ಮೆದುಳಿನ ಹೊದಿಕೆಯ ಸೋಂಕು. ಅದರ ರೋಗಾಣು ಹುಡುಕೋಕೆ ಮೂರು ದಾರಿ: ಪ್ಲೇಟಲ್ಲಿ ಬೆಳೆಸಿ ನೋಡೋ ಕಲ್ಚರ್, ಗೊತ್ತಿರೋ ರೋಗಾಣುಗಳ ಪಟ್ಟಿಯನ್ನ ಅವುಗಳ ಜೀನ್‌ನಿಂದ ಒಂದೇ ಸಲ ಹುಡುಕೋ ಪಿಸಿಆರ್ ಪ್ಯಾನೆಲ್, ಡಿಎನ್ಎ ಅಕ್ಷರಗಳನ್ನೇ ಓದೋ ಸೀಕ್ವೆನ್ಸಿಂಗ್. ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಸೀಕ್ವೆನ್ಸಿಂಗ್‌ಗೆ. ಅದರಲ್ಲೂ ಎಲ್ಲ ಬ್ಯಾಕ್ಟೀರಿಯಾದಲ್ಲೂ ಇರೋ 16ಎಸ್ ಜೀನ್ ಒಂದನ್ನೇ ಪಿಸಿಆರ್‌ನಲ್ಲಿ (ಡಿಎನ್ಎ ನಕಲು ಮಾಡೋ ವಿಧಾನ) ಹೆಚ್ಚು ಮಾಡ್ಕೊಂಡು, ಲ್ಯಾಪ್‌ಟಾಪ್‌ಗೆ ಸಿಕ್ಕಿಸೋ ಆ ಪುಟ್ಟ ನ್ಯಾನೋಪೋರ್ ಡಬ್ಬಿಯಲ್ಲಿ ಓದಿಸೋದಕ್ಕೆ. ಲ್ಯಾಬಿಗೆ ಅದನ್ನ ತರಿಸಿದಾಗ ಇದೇನು ಆಟಿಕೆ ಅಂತ ನಕ್ಕವರಲ್ಲಿ ನಾನೂ ಒಬ್ಬ, ಮೊದಲ ಎರಡು ತಿಂಗಳು ಅದು ನನ್ನನ್ನ ಅಳಿಸಿದ್ದೂ ನಿಜ, ಆ ಕಥೆ ಮುಂದೆ ಹೇಳ್ತೀನಿ.

ನನ್ನ ಮನಸ್ಸು ತಿರುಗಿಸಿದ್ದು ಒಂದು ಕೂಸು. ಅವಧಿಗೆ ಮುಂಚೆ ಹುಟ್ಟಿದ್ದು, ತಲೆ ಸುತ್ತಳತೆ ದಿನಾ ಏರ್ತಿದೆ, ಬೆನ್ನುನೀರಲ್ಲಿ (ಮೆದುಳು, ಬೆನ್ನುಹುರಿ ಸುತ್ತಲಿನ ದ್ರವ) ಬಿಳಿ ರಕ್ತಕಣ ತುಂಬಿಕೊಂಡಿದೆ, ಗ್ಲುಕೋಸ್ ಪಾತಾಳ ಮುಟ್ಟಿದೆ. ಗ್ರಾಂ ಸ್ಟೇನ್ ಅನ್ನೋ ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರೆ ಏನೂ ಇಲ್ಲ, ಕಲ್ಚರ್ ಪ್ಲೇಟ್ ಮೂರನೇ ದಿನವೂ ತೊಳೆದಿಟ್ಟ ಹಾಗೆ ಖಾಲಿ, ಪ್ಯಾನೆಲ್‌ನಲ್ಲಿ 14ಕ್ಕೆ 14 ನೆಗೆಟಿವ್. 16ಎಸ್ ಓಡಿಸಿದ್ರೆ ಯೂರಿಯಾಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾ, ಒಂದೆರಡು ರೀಡ್ (ಓದಿದ ಡಿಎನ್ಎ ತುಣುಕು) ಅಲ್ಲ, ಹೆಚ್ಚುಕಮ್ಮಿ ಪೂರ್ತಿ ಅದೇ. ಇದಕ್ಕೆ ಜೀವಕೋಶದ ಗೋಡೆಯೇ ಇರಲ್ಲ, ಅದಕ್ಕೇ ಗ್ರಾಂ ಬಣ್ಣ ಹಿಡಿಯಲ್ಲ, ನಮ್ಮ ಮಾಮೂಲಿ ಚಾಕೊಲೇಟ್ ಅಗಾರ್‌ನಲ್ಲಿ ಬೆಳೆಯಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಗೋಡೆಗೇ ಗುರಿ ಇಡೋ ಆಂಪಿಸಿಲಿನ್, ಸೆಫೊಟಾಕ್ಸಿಮ್ ಎರಡೂ ಇದರ ಮುಂದೆ ನೀರು. ಅವತ್ತೇ ಔಷಧಿ ಬದಲಾಯ್ತು.

ಪ್ಯಾನೆಲ್ ಬಗ್ಗೆ ಬೇಜಾರೇನಿಲ್ಲ. 200 ಮೈಕ್ರೋಲೀಟರ್ ಹಾಕಿದ್ರೆ ಸುಮಾರು ಒಂದು ಗಂಟೆಯಲ್ಲಿ ಉತ್ತರ ಕೊಡುತ್ತೆ, ರಾತ್ರಿ ಡ್ಯೂಟಿಯವರು ಯಾರು ಬೇಕಾದ್ರೂ ಹಾಕಬಹುದು. ಆದರೆ ಅದು ತನ್ನ ಪಟ್ಟಿಯಲ್ಲಿರೋದನ್ನ ಮಾತ್ರ ಹುಡುಕುತ್ತೆ, ಅದರಲ್ಲಿ ಬ್ಯಾಕ್ಟೀರಿಯಾ ಬರೀ 6, ಇ. ಕೋಲಿ ಇದ್ರೂ ಕೆ1 ತಳಿ ಮಾತ್ರ. ನವಜಾತ ಶಿಶುಗಳಲ್ಲಿ ಕಾಣೋ ಕ್ಲೆಬ್ಸಿಯೆಲ್ಲಾ, ಸಿಟ್ರೊಬ್ಯಾಕ್ಟರ್ ಪಟ್ಟಿಯಲ್ಲೇ ಇಲ್ಲ. ನೆಗೆಟಿವ್ ಬಂದ್ರೆ ಈ 14 ಸಿಗಲಿಲ್ಲ ಅಂತ ಮಾತ್ರ ಅರ್ಥ, ಬೆನ್ನುನೀರು ಶುದ್ಧ ಅಂತ ಅಲ್ಲ, ಇದನ್ನ ವಾರ್ಡಿನವರಿಗೆ ಹೇಳಿ ಹೇಳಿ ಸಾಕಾಗಿದೆ.

ಕಲ್ಚರ್ ನಿಧಾನ, ಎಲ್ಲರಿಗೂ ಗೊತ್ತು. ಮಗು ಬಂದ ಕೂಡಲೇ ಸೆಫ್ಟ್ರಿಯಾಕ್ಸೋನ್ ಕೊಡ್ತಾರೆ, ಕೊಡಲೇಬೇಕು, ಆದರೆ ಆಮೇಲೆ ಬೆನ್ನುನೀರು ತೆಗೆದ್ರೆ ಮೆನಿಂಗೋಕಾಕಸ್ 2 ಗಂಟೆ ಒಳಗೇ ಕಲ್ಚರ್‌ಗೆ ಸಿಗದ ಹಾಗೆ ಆಗಿಬಿಡಬಹುದು. ಸತ್ತ ಬ್ಯಾಕ್ಟೀರಿಯಾ ಬೆಳೆಯಲ್ಲ, ಅದರ ಡಿಎನ್ಎ ಮಾತ್ರ ಉಳಿದಿರುತ್ತೆ, ಸೀಕ್ವೆನ್ಸಿಂಗ್ ಗೆಲ್ಲೋದು ಇಲ್ಲೇ. ಹಾಗಂತ ಪ್ಲೇಟ್ ಬಿಡೋ ಹಾಗಿಲ್ಲ. ನ್ಯೂಮೋಕಾಕಸ್ ಬೆಳೆದ್ರೆ ಪೆನಿಸಿಲಿನ್ ಎಂಐಸಿ (ಬೆಳವಣಿಗೆ ತಡೆಯೋಕೆ ಬೇಕಾದ ಕನಿಷ್ಠ ಪ್ರಮಾಣ) ಮಿಲಿಲೀಟರ್‌ಗೆ 0.06 ಮೈಕ್ರೋಗ್ರಾಂ ಒಳಗಿದೆಯಾ ಅಂತ ಅಳೆದು ಹೇಳೋಕೆ ಜೀವಂತ ಕಾಲೊನಿಯೇ ಬೇಕು, 16ಎಸ್ ಹೆಸರು ಹೇಳಿ ಸುಮ್ಮನಾಗುತ್ತೆ.

ಈಗ ಅಳಿಸಿದ ಕಥೆ. ಶುರುವಿನಲ್ಲಿ ಒಂದು ಮಗುವಿನ ಸ್ಯಾಂಪಲ್‌ನಲ್ಲಿ ಸ್ಯೂಡೋಮೊನಾಸ್ ಬಂತು. ನಾನು ಉತ್ಸಾಹದಲ್ಲಿ ಫೋನ್ ಮಾಡಿದೆ, "ಸರಿ ಸರ್, ಔಷಧಿ ಸೇರಿಸ್ತೀವಿ" ಅಂದ್ರು ಡ್ಯೂಟಿ ಡಾಕ್ಟರ್. ಮಾರನೇ ದಿನ ಅದೇ ಬ್ಯಾಚಿನ ಬ್ಲ್ಯಾಂಕ್ ತೆಗೆದು ನೋಡ್ತೀನಿ, ಸ್ಯಾಂಪಲ್ ಬದಲು ಬರೀ ನೀರು ಹಾಕಿದ ಟ್ಯೂಬು, ಅದರಲ್ಲೂ ಸ್ಯೂಡೋಮೊನಾಸ್, ಜೊತೆಗೆ ರಾಲ್‌ಸ್ಟೋನಿಯಾ, ಚರ್ಮದ ಮೇಲಿರೋ ಕ್ಯುಟಿಬ್ಯಾಕ್ಟೀರಿಯಂ. ಕೈಕಾಲು ತಣ್ಣಗಾಯ್ತು. ಮತ್ತೆ ಫೋನ್ ಮಾಡಿ ರಿಪೋರ್ಟ್ ವಾಪಸ್ ತಗೊಂಡೆ, ಆ ಕಡೆಯಿಂದ ಬಂದ ಮೌನ ಇನ್ನೂ ಕಿವಿಯಲ್ಲಿದೆ.

ಆಗಿದ್ದು ಇಷ್ಟೇ: ಡಿಎನ್ಎ ತೆಗೆಯೋ ಕಿಟ್‌ನಲ್ಲೇ, ಎನ್‌ಝೈಮ್‌ನಲ್ಲೇ ಬ್ಯಾಕ್ಟೀರಿಯಾದ ಡಿಎನ್ಎ ಚೂರುಪಾರು ಇರುತ್ತೆ, ಸತ್ತಿರುತ್ತೆ, ಆದ್ರೂ ಪಿಸಿಆರ್‌ಗೆ ಅದೆಲ್ಲ ಗೊತ್ತಾಗಲ್ಲ. ಸ್ಯಾಂಪಲ್ ತುಂಬಾ ಬ್ಯಾಕ್ಟೀರಿಯಾ ಇದ್ರೆ ಈ ಕಸ ಮುಚ್ಚಿಹೋಗುತ್ತೆ. ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ, ಹಾಗೆ. ಸ್ಯಾಂಪಲ್ ತಿಳಿಯಾಗಿದ್ದಷ್ಟೂ ಕಿಟ್‌ನ ಕಸವೇ ಹೆಚ್ಚು ಸದ್ದು ಮಾಡುತ್ತೆ, ನಾವು ಪಿಸಿಆರ್‌ನಲ್ಲಿ 35 ಸೈಕಲ್ (ನಕಲು ಮಾಡೋ ಸುತ್ತು) ಬೇರೆ ಓಡಿಸ್ತಿದ್ವಿ, ಕೇಳ್ಬೇಕಾ.

ಸೈಕಲ್ 25ಕ್ಕೆ ಇಳಿಸಿದ್ವಿ, ಮಾಸ್ಟರ್‌ಮಿಕ್ಸ್ (ಪಿಸಿಆರ್‌ಗೆ ಬೇಕಾದ ಮಿಶ್ರಣ) ಮಾಡೋ ಜಾಗ ಬೇರೆ ರೂಮಿಗೆ ಹೋಯ್ತು, ಈಗ ಪ್ರತಿ ಬ್ಯಾಚಿಗೆ ಎರಡು ಬ್ಲ್ಯಾಂಕ್, ಒಂದು ಡಿಎನ್ಎ ತೆಗೆಯೋ ಹಂತದಿಂದ, ಇನ್ನೊಂದು ಪಿಸಿಆರ್ ಹಂತದಿಂದ. ಬ್ಲ್ಯಾಂಕ್ ನೋಡದೆ ಸ್ಯಾಂಪಲ್ ಫೈಲ್ ತೆರೆಯೋದೇ ಇಲ್ಲ. ಫ್ಲೋ ಸೆಲ್ (ಡಬ್ಬಿಯೊಳಗೆ ಡಿಎನ್ಎ ಓದೋ ಚಿಪ್) ತೊಳೆದು ಮತ್ತೆ ಬಳಸಿದ್ರೆ ಹಿಂದಿನ ರನ್‌ನ ರೀಡ್ಸ್ ಸ್ವಲ್ಪ ಉಳಿದಿರುತ್ತೆ, ಅದಕ್ಕೇ ಸ್ಯಾಂಪಲ್ ಗುರುತಿಗೆ ಡಿಎನ್ಎಗೆ ಅಂಟಿಸೋ ಬಾರ್‌ಕೋಡ್‌ನ ಸಂಖ್ಯೆ ಬದಲಿಸಿಯೇ ಹಾಕ್ತೀವಿ. ಇದೆಲ್ಲ ಕಿಟ್ ತಂದವರು ಯಾರೂ ಮೊದಲೇ ಹೇಳಿರಲಿಲ್ಲ.

16ಎಸ್‌ನ ಇನ್ನೊಂದು ಕೊರತೆ: ನ್ಯೂಮೋಕಾಕಸ್, ಬಾಯಲ್ಲಿರೋ ಅದರ ಸಂಬಂಧಿ ಸ್ಟ್ರೆಪ್ಟೊಕಾಕಸ್ ಮೈಟಿಸ್ ಎರಡನ್ನೂ ಬೇರೆ ಮಾಡೋಕೆ ಒದ್ದಾಡುತ್ತೆ. ಅನುಮಾನ ಬಂದ್ರೆ ನ್ಯೂಮೋಕಾಕಸ್ ಗುರುತಿಸೋ ಲಿಟ್‌ಎ ಜೀನಿನ ಪಿಸಿಆರ್ ಹಾಕಿ ಮುಗಿಸ್ತೀವಿ.

ಇನ್ನು ಎಲ್ಲ ಡಿಎನ್ಎಯನ್ನೂ ಓದೋ ಮೆಟಾಜೀನೋಮಿಕ್ಸ್. 2014ರಲ್ಲಿ 14 ವರ್ಷದ ಹುಡುಗನಿಗೆ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾದ ಸೋಂಕು ಅಂತ ಕಂಡುಹಿಡಿದಿದ್ದು ಇದೇ, ಆ ಮೇಲೇ ಎಲ್ಲರ ಕಣ್ಣು ಇದರ ಮೇಲೆ ಬಿತ್ತು. ಆದರೆ 2019ರಲ್ಲಿ ಬಂದ 204 ರೋಗಿಗಳ ಅಧ್ಯಯನದಲ್ಲಿ 58 ಸೋಂಕು ಸಿಕ್ಕಿತ್ತು, 13 ಇದರಿಂದ ಮಾತ್ರ ಗೊತ್ತಾಗಿದ್ದು, 26 ಇದರ ಕಣ್ಣಿಗೇ ಬೀಳಲಿಲ್ಲ. ನಾವು ಹೊರಗೆ ಕಳಿಸಿ ನೋಡಿದ್ವಿ, ಕೀವು ತುಂಬಿದ ಬೆನ್ನುನೀರಲ್ಲಿ ಓದಿದ್ದರಲ್ಲಿ ಬಹುಪಾಲು ಮನುಷ್ಯನ ಡಿಎನ್ಎಯೇ, ಅದಕ್ಕೆ ಅಷ್ಟು ದುಡ್ಡು, ರಿಪೋರ್ಟ್ ಬರೋ ಹೊತ್ತಿಗೆ ಮಗು ಡಿಸ್ಚಾರ್ಜ್ ಆಗಿತ್ತು.

ನಮ್ಮ ಬಜೆಟ್‌ಗೆ ಪ್ಯಾನೆಲ್ ರಾತ್ರಿಗೆ, ಪ್ಲೇಟ್ ಯಾವಾಗ್ಲೂ, 16ಎಸ್ ಅನ್ನೋದು ಬಿಳಿ ಕಣ ಏರಿದ್ದು ಇವೆರಡೂ ಬಾಯಿ ಬಿಡದಿದ್ದಾಗ. ಒಂದೇ ಸ್ಯಾಂಪಲ್‌ಗೆ ದೊಡ್ಡ ಫ್ಲೋ ಸೆಲ್ ಖರ್ಚು ಮಾಡೋಕೆ ಮನಸ್ಸು ಬರಲ್ಲ, ಬ್ಯಾಚ್ ತುಂಬಲಿ ಅಂತ ಕಾದ್ರೆ ಮಗು ಕಾಯಲ್ಲ, ಕೊನೆಗೆ ಸಣ್ಣ ಫ್ಲೋ ಸೆಲ್‌ಗೆ ಒಗ್ಗಿಕೊಂಡ್ವಿ. ಬೆಳಿಗ್ಗೆ ಸ್ಯಾಂಪಲ್ ಹಿಡಿದು ಕೂತ್ರೆ ಸಂಜೆಗೆ ಹೆಸರು ಸಿಗುತ್ತೆ, ನಾನು ಹೇಗೂ ಲೇಟಾಗಿ ಮನೆಗೆ ಹೋಗೋನು, ತೊಂದ್ರೆ ಇಲ್ಲ.

ಬೇರೆ ಯಾರಾದ್ರೂ ಶುರು ಮಾಡೋರಿದ್ರೆ ಒಂದು ಮಾತು, ಪುಟ್ಟ ಮಗುವಿನಿಂದ ಸಿಗೋದೇ ಹನಿಗಳ ಲೆಕ್ಕದಲ್ಲಿ, ಅದಕ್ಕೇ ವಾರ್ಡಿಗೆ ಹೇಳಿ ಹತ್ತು ಹನಿ ಬೇರೆ ಟ್ಯೂಬ್‌ಗೆ ಬಿಡಿಸ್ಕೊಳ್ಳಿ, ಬಯೋಕೆಮಿಸ್ಟ್ರಿಯವರು ಮುಟ್ಟೋ ಮುಂಚೆ ಅದು ನಮ್ಮ ಫ್ರೀಝರ್‌ನಲ್ಲಿರ್ಬೇಕು.