ಆನ್ ಆಗ್ತಾನೇ ರೀಸ್ಟಾರ್ಟ್ ಆಗುವ ಕಂಪ್ಯೂಟರ್ ಮತ್ತು ಬಲ್ಮಠ ರಸ್ತೆಯ ರಿಪೇರಿ ಅಂಗಡಿ

ನಮ್ಮ ಮನೆ ಕಂಪ್ಯೂಟರ್ ಆನ್ ಮಾಡಿದರೆ ವಿಂಡೋಸ್ ಲೋಗೋ ಬರುತ್ತಿತ್ತು, ಕೆಳಗೆ ಚುಕ್ಕಿಗಳು ಒಂದೆರಡು ಸುತ್ತು ತಿರುಗುತ್ತಿದ್ದವು, ಟಪ್ ಅಂತ ಆಫ್, ಮತ್ತೆ ಮೊದಲಿಂದ ಶುರು. ಒಂದು ಕಡೆ ಫೋನ್ ಮಾಡಿ ಕೇಳಿದೆ. ನೋಡುವ ಮೊದಲೇ "ಫಾರ್ಮ್ಯಾಟ್ ಮಾಡ್ಬೇಕು, ಅದಕ್ಕೂ ಸರಿಯಾಗದಿದ್ರೆ ಮದರ್‌ಬೋರ್ಡ್ ಹೋಗಿದೆ" ಅಂದುಬಿಟ್ಟರು. ಮಗಳ ಪ್ರಾಜೆಕ್ಟ್, ಮನೆಯ ಹಳೇ ಫೋಟೋ ಎಲ್ಲ ಅದರಲ್ಲೇ ಉಂಟು ಮಾರಾಯ್ರೆ, ಸುಮ್ನೆ ಫಾರ್ಮ್ಯಾಟ್ ಮಾಡೋಕಾಗುತ್ತಾ?

ಮಂಗಳೂರಿನ ಹಂಪನಕಟ್ಟೆಯಿಂದ ಬಲ್ಮಠಕ್ಕೆ ಹೋಗುವ ರಸ್ತೆಯಲ್ಲಿ ಮಹಡಿ ಮೇಲೊಂದು ಸಣ್ಣ ಅಂಗಡಿ ಇದೆ. ಸಿಪಿಯು ಹೊತ್ತುಕೊಂಡು ಅಲ್ಲಿಗೆ ಹೋದೆ.

ಅಲ್ಲಿಯ ಹುಡುಗ ನನ್ನ ಎದುರೇ ನೋಡಿದ. ಮೊದಲು, ವಿಂಡೋಸ್ ಶುರುವಾಗುವ ಮುಂಚೆಯೇ ತೆರೆಯುವ ಸೆಟ್ಟಿಂಗ್ ಸ್ಕ್ರೀನ್ ಆದ ಬಯೋಸ್‌ಗೆ ಹೋಗಿ ಹಾಗೇ ಬಿಟ್ಟ. "ಇಲ್ಲೂ ರೀಸ್ಟಾರ್ಟ್ ಆದ್ರೆ ಅದು ವಿಂಡೋಸ್ ತಪ್ಪಲ್ಲ ಸರ್." ಆಗಲಿಲ್ಲ. ಬಿಸಿಯೂ ಜಾಸ್ತಿ ಇರಲಿಲ್ಲ. ಆಮೇಲೆ ರಿಪೇರಿ ಮೆನುವಿನ ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್‌ಗೆ ಹೋಗಿ 9 ಒತ್ತಿದ. ವಿಂಡೋಸ್ ಕ್ರ್ಯಾಶ್ ಆದರೆ ತಾನಾಗೇ ರೀಸ್ಟಾರ್ಟ್ ಆಗುವ ಸೆಟ್ಟಿಂಗ್ ಮೊದಲೇ ಆನ್ ಇರುತ್ತದಂತೆ, ಹಾಗಾಗಿ ನೀಲಿ ಸ್ಕ್ರೀನ್‌ನಲ್ಲಿ ಬರುವ ಎರರ್ ಕೋಡ್ ಓದುವಷ್ಟರಲ್ಲಿ ಅದು ಮಾಯ. 9 ಒತ್ತಿದರೆ ಆ ಒಂದು ಸಲಕ್ಕೆ ಸ್ಕ್ರೀನ್ ನಿಲ್ಲುತ್ತದೆ. ನಮ್ಮದರಲ್ಲಿ ನೀಲಿ ಸ್ಕ್ರೀನೇ ಬರಲಿಲ್ಲ, ನೇರ ಕತ್ತಲೆ. ಕೋಡ್ ಇಲ್ಲದೆ ಹೀಗೆ ಕಟ್ ಆದರೆ ಅನುಮಾನ ಪವರ್ ಮೇಲೆ.

ಆದರೂ ರ‍್ಯಾಮ್ (ಮೆಮೊರಿ ಪಟ್ಟಿ) ತೆಗೆದು, ಅದರ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ ಹಾಕಿ ನೋಡಿದ. ನಮ್ಮೂರ ಉಪ್ಪುಗಾಳಿ, ಮಳೆಗಾಲದ ತೇವಕ್ಕೆ ಅಲ್ಲಿ ಕಿಲುಬು ಕೂರುವುದು ಮಾಮೂಲಂತೆ. ಸರಿಯಾಗಲಿಲ್ಲ. ಕೊನೆಗೆ ಅಂಗಡಿಯ ಬೇರೆ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಸಿಕ್ಕಿಸಿದ, ಡೆಸ್ಕ್‌ಟಾಪ್ ಬಂತು! ನಮ್ಮ ಎಸ್‌ಎಂಪಿಎಸ್ ಬಿಚ್ಚಿ ತೋರಿಸಿದ: ಒಳಗೆ ಕರೆಂಟ್ ಏರಿಳಿತ ತಡೆಯುವ ಎರಡು ಕೆಪಾಸಿಟರ್‌ಗಳ ತಲೆ ಉಬ್ಬಿ, ಕಂದು ಬಣ್ಣದ ಅಂಟು ಹೊರಗೆ ಬಂದಿತ್ತು. ಬಯೋಸ್‌ನಲ್ಲಿ ಲೋಡ್ ಕಡಿಮೆ, ಅದಕ್ಕೆ ತಡೆಯುತ್ತಿತ್ತು. ವಿಂಡೋಸ್ ಶುರುವಾದಾಗ ಪ್ರೊಸೆಸರ್, ಹಾರ್ಡ್‌ಡಿಸ್ಕ್ ಎಲ್ಲ ಒಟ್ಟಿಗೆ ಕರೆಂಟ್ ಎಳೆದರೆ ವೋಲ್ಟೇಜ್ ಬೀಳುತ್ತಿತ್ತು.

ಹೊಸ ಎಸ್‌ಎಂಪಿಎಸ್, ಕೂಲಿ ಸೇರಿ ಎರಡೂವರೆ ಸಾವಿರದೊಳಗೆ ಮುಗಿಯಿತು. ಒಂದು ಫೈಲ್ ಕೂಡ ಹೋಗಲಿಲ್ಲ. ಹಳೇ ಪಾರ್ಟ್ ಕೈಗೆ ಕೊಟ್ಟರು, ಬಿಲ್‌ನಲ್ಲಿ ವಾರಂಟಿ ಬರೆದರು. ಈ ಎರಡು ಕೇಳದೆಯೇ ಮಾಡುವ ಅಂಗಡಿ ನನಗೆ ಬೇರೆ ಸಿಕ್ಕಿಲ್ಲ.

ಕೊರತೆ ಇಲ್ಲ ಅಂತಲ್ಲ. ಮನೆಗೆ ಬರುವುದಿಲ್ಲ, ಲಿಫ್ಟ್ ಇಲ್ಲ, ಕೆಳಗೆ ಪಾರ್ಕಿಂಗ್ ಸಿಗುವುದೇ ಕಷ್ಟ. ವಯಸ್ಸಾದವರು ಸಿಪಿಯು ಹೊತ್ತು ಆ ಮೆಟ್ಟಿಲು ಹತ್ತುವುದು ಹೇಗೆ? ಅದನ್ನು ಅವರಿಗೇ ಹೇಳಿ ಬಂದಿದ್ದೇನೆ. ಹೋಗುವವರು ಬೆಳಿಗ್ಗೆಯೇ ಹೋಗಿ, ಸಂಜೆ ರಶ್ ಜಾಸ್ತಿ. ಮಾನಿಟರ್, ಕೀಬೋರ್ಡ್ ಬೇಡ, ಸಿಪಿಯು ಮಾತ್ರ ಸಾಕು.